ಮನೆ ಜರ್ಸಿಯಲ್ಲಿ, ಪ್ರಾಜೆಕ್ಟ್ ಟೆಕ್ಸಸ್‌ನಲ್ಲಿ: ಪಿಸ್ತೂಲಿಗೆ ದುಡ್ಡು ಕಟ್ಟುವ ಮುಂಚೆ

ಡಲ್ಲಾಸ್ ಹತ್ತಿರದ ಪ್ಲೇನೋ, ಫ್ರಿಸ್ಕೋ, ಅರ್ವಿಂಗ್ ಕಡೆಗೆ ಆರು ತಿಂಗಳಿಗೋ ವರ್ಷಕ್ಕೋ ಪ್ರಾಜೆಕ್ಟ್ ಮೇಲೆ ಬರುವ ನಮ್ಮವರು ಬಹಳ. ಹೆಂಡತಿ ಮಕ್ಕಳು ನ್ಯೂಜರ್ಸಿಯ ಎಡಿಸನ್‌ನಲ್ಲೋ ಸೌತ್ ಬ್ರನ್ಸ್‌ವಿಕ್‌ನಲ್ಲೋ ಇರುತ್ತಾರೆ. ಜರ್ಸಿಯಲ್ಲಿ ಒಂದು ಪಿಸ್ತೂಲು ಕೊಳ್ಳಬೇಕೆಂದರೆ ಊರಿನ ಪೊಲೀಸರ ಹತ್ತಿರ ಅರ್ಜಿ, ಬೆರಳಚ್ಚು, ನಿಮ್ಮನ್ನು ಬಲ್ಲವರ ಹೆಸರು, ಆಮೇಲೆ ಕಾಯುವುದು. ಟೆಕ್ಸಸ್‌ನಲ್ಲಿ ಅಂಗಡಿಗೆ ಹೋದ ಪಕ್ಕದ ಕ್ಯೂಬಿಕಲ್‌ನವನು ಊಟದ ಬಿಡುವಿನಲ್ಲೇ ಡಬ್ಬ ಹಿಡಿದು ಬರುತ್ತಾನೆ. ಅದನ್ನು ನೋಡಿ ನಮ್ಮವರಿಗೂ ‘ಇಲ್ಲೇ ಒಂದು ತಗೊಂಡು ಮನೆಗೆ ಒಯ್ದರಾಯ್ತು’ ಅನ್ನಿಸುತ್ತದೆ. ಇಲ್ಲಿಂದಲೇ ತೊಂದರೆ ಶುರು. ಪ್ರತಿ ವರ್ಷ ಹೊಸಬರು ಇದೇ ಗುಂಡಿಗೆ ಬೀಳುವುದನ್ನು ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಯಾವ ಪಿಸ್ತೂಲು ಒಳ್ಳೆಯದು, ತಿಜೋರಿ ಎಷ್ಟು ದೊಡ್ಡದಿರಬೇಕು ಎಂಬುದೆಲ್ಲ ನಿಮಗೆ ಬೇರೆ ಕಡೆ ಸಿಗುತ್ತದೆ. ಅದನ್ನು ಬಿಡುತ್ತೇನೆ.

ಮೊದಲು ವೀಸಾದ ಮಾತು ಮುಗಿಸಿಬಿಡೋಣ. ಎಚ್-1ಬಿ, ಎಲ್-1, ಎಚ್-4, ಎಫ್-1 ಇವೆಲ್ಲ ನಾನ್‌ಇಮಿಗ್ರಂಟ್ ವೀಸಾಗಳು. ಈ ವೀಸಾ ಮೇಲೆ ಬಂದವರು ಕೋವಿಯನ್ನೂ ತೋಟೆಯನ್ನೂ ಕೊಳ್ಳುವುದು ಹಾಗಿರಲಿ, ಇಟ್ಟುಕೊಳ್ಳುವುದೂ ಫೆಡರಲ್ ಅಪರಾಧ. 1998ರಿಂದ ಈ ಕಾನೂನು ಇದೆ. 2022ರ ತಿದ್ದುಪಡಿ ಆದಮೇಲೆ ಶಿಕ್ಷೆ 15 ವರ್ಷದವರೆಗೂ ಹೋಗಬಹುದು. ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕಿದ ಮಾತ್ರಕ್ಕೆ ನೀವು ಆ ಗೆರೆ ದಾಟಿದ ಹಾಗಲ್ಲ. ನಮ್ಮ ಸರದಿ ಬರಲು ಎಷ್ಟು ವರ್ಷ ಹಿಡಿಯುತ್ತದೆ ಅಂತ ಗೊತ್ತಲ್ಲ. ಶನಿವಾರ ಸ್ನೇಹಿತರ ಜೊತೆ ಶೂಟಿಂಗ್ ರೇಂಜ್‌ಗೆ ಹೋಗಿ ಬಾಡಿಗೆ ಪಿಸ್ತೂಲು ಹಿಡಿದು ಫೋಟೋ ತೆಗೆಸಿಕೊಂಡರೂ ಕಾನೂನಿನ ಕಣ್ಣಿಗೆ ಅದು ಕೈಯಲ್ಲಿ ಇಟ್ಟುಕೊಂಡ ಹಾಗೇ. ಗಂಡ ಅಮೆರಿಕದ ಪ್ರಜೆ, ಹೆಂಡತಿ ಇನ್ನೂ ವೀಸಾದಲ್ಲಿ ಇದ್ದರೆ ತಿಜೋರಿಯ ಕೀಲಿ ಗಂಡನ ಹತ್ತಿರ ಮಾತ್ರ ಇರಲಿ.

ಇದಕ್ಕೆ ಒಂದು ವಿನಾಯಿತಿ ಇದೆ. ಯಾವುದಾದರೂ ರಾಜ್ಯದ ಬೇಟೆ ಪರವಾನಗಿ ಇದ್ದರೆ, ಅದು ಚಾಲ್ತಿಯಲ್ಲಿ ಇರುವಷ್ಟು ದಿನ ಈ ಫೆಡರಲ್ ನಿಷೇಧ ಅನ್ವಯಿಸುವುದಿಲ್ಲ. ಆದರೆ ಆ ದಿನಾಂಕದ ಮೇಲೆ ಕಣ್ಣಿಡಿ. ಟೆಕ್ಸಸ್‌ನ ಬೇಟೆ ಪರವಾನಗಿ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಕೊಡಗಿನವರ ಕೈಲ್‌ಪೊಳ್ದ್ ಸೆಪ್ಟೆಂಬರ್ 3ಕ್ಕೆ. ಇಲ್ಲಿ ಎಚ್-1ಬಿಯಲ್ಲಿರುವ ಕೊಡವ ಹುಡುಗನೊಬ್ಬ ಹಬ್ಬಕ್ಕೆ ಕೋವಿಗೆ ಹೂವಿಟ್ಟು ಪೂಜೆ ಮಾಡಬೇಕು ಅಂತ ಪರವಾನಗಿ ಮಾಡಿಸಿದ್ದ. ಹಬ್ಬದ ದಿನಕ್ಕೆ ಅದರ ಅವಧಿ ಮುಗಿದಿತ್ತು, ಅವನಿಗೆ ಗೊತ್ತೇ ಇರಲಿಲ್ಲ. ಯಾರೋ ಕಾಗದ ನೋಡಿ ಹೇಳಿದರು, ಸದ್ಯ. ಊರಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸೇ ಬೇಡ, ಮನೆಯ ಗೋಡೆ ಮೇಲೆ ಅಜ್ಜನ ಕಾಲದ ಜೋಡಿನಳಿಗೆ ತೂಗುತ್ತಿರುತ್ತದೆ. ಹಾಗೆ ಬೆಳೆದವರಿಗೆ ಇಲ್ಲಿನ ಈ ಕಟ್ಟು ತಲೆಗೆ ಹತ್ತುವುದು ಕಷ್ಟ. ಆದರೂ ಹತ್ತಿಸಿಕೊಳ್ಳಲೇಬೇಕು.

ಇನ್ನು ಮುಂದಿನದು ಗ್ರೀನ್ ಕಾರ್ಡ್ ಇರುವವರಿಗೆ, ಪ್ರಜೆಗಳಾದವರಿಗೆ.

ನಮ್ಮ ದೇಶದಲ್ಲಿ ಲೈಸೆನ್ಸ್ ಅಂದರೆ ಡಿಸಿ ಆಫೀಸೋ ಪೊಲೀಸ್ ಕಮಿಷನರ್ ಕಚೇರಿಯೋ ಕೊಡುವ ಒಂದು ಪುಸ್ತಕ. ಅದು ರಾಜ್ಯಕ್ಕೆ ಮಾತ್ರವೋ ಇಡೀ ದೇಶಕ್ಕೋ ಅಂತ ಅದರ ಮೇಲೇ ಬರೆದಿರುತ್ತದೆ. ಅಮೆರಿಕದಲ್ಲಿ ಸಾಮಾನ್ಯ ಜನ ಕೊಳ್ಳುವುದಕ್ಕೆ ಅಂಥ ಒಂದು ರಾಷ್ಟ್ರೀಯ ಲೈಸೆನ್ಸ್ ಇಲ್ಲ. ಇಲ್ಲಿ ಎಲ್ಲವೂ ನಿಂತಿರುವುದು ‘ನೀವು ಯಾವ ರಾಜ್ಯದ ನಿವಾಸಿ’ ಎಂಬ ಒಂದೇ ಪ್ರಶ್ನೆಯ ಮೇಲೆ. ಪಿಸ್ತೂಲು, ರಿವಾಲ್ವರ್‌ಗಳನ್ನು ಲೈಸೆನ್ಸ್ ಇರುವ ಅಂಗಡಿಯವನು ತನ್ನ ರಾಜ್ಯದ ನಿವಾಸಿಗಳಿಗೆ ಮಾತ್ರ ಕೈಗೆ ಕೊಡಬಹುದು. ರೈಫಲ್, ಶಾಟ್‌ಗನ್ ಹಾಗಲ್ಲ. 1986ರಿಂದ ಉದ್ದನೆಯ ಕೋವಿಯನ್ನು ಬೇರೆ ರಾಜ್ಯದವರಿಗೂ ಅಂಗಡಿಯಲ್ಲೇ ಮಾರಬಹುದು, ಎರಡೂ ರಾಜ್ಯಗಳ ಕಾನೂನು ಪಾಲಿಸಿದರೆ. ಜರ್ಸಿಯವರಿಗೆ ಅದಕ್ಕೂ ಜರ್ಸಿಯ ಎಫ್‌ಐಡಿ ಕಾರ್ಡ್, ಅಂದರೆ ಕೋವಿ ಕೊಳ್ಳುವವರಿಗೆ ಕೊಡುವ ಗುರುತಿನ ಚೀಟಿ, ಬೇಕೇ ಬೇಕು.

ಈಗ ಆ ಗುಂಡಿಗೆ ಬರೋಣ. ಹಾಸನದ ಕಡೆಯ ಹುಡುಗ, ಗ್ರೀನ್ ಕಾರ್ಡ್ ಬಂದು ವರ್ಷವಾಗಿತ್ತು. ಜರ್ಸಿಯ ಡ್ರೈವಿಂಗ್ ಲೈಸೆನ್ಸ್, ಪ್ಲೇನೋದಲ್ಲಿ ಕಂಪನಿ ಕೊಟ್ಟ ಹೋಟೆಲ್ ಕೋಣೆ. ಒಂದು ವೆಬ್‌ಸೈಟ್‌ನಲ್ಲಿ ಒಳ್ಳೆಯ ರಿಯಾಯಿತಿ ನೋಡಿ ಗ್ಲಾಕ್ 19 ಪಿಸ್ತೂಲಿಗೆ ಕಾರ್ಡ್‌ನಲ್ಲಿ ದುಡ್ಡು ಕಟ್ಟಿದ. ಹೀಗೆ ಕೊಂಡದ್ದನ್ನು ಮನೆಗೆ ಕಳಿಸುವುದಿಲ್ಲ, ಲೈಸೆನ್ಸ್ ಇರುವ ಅಂಗಡಿಗೇ ಕಳಿಸುತ್ತಾರೆ. ‘ಯಾವ ಡೀಲರ್‌ಗೆ ಕಳಿಸಬೇಕು’ ಅಂತ ಕೇಳಿದಾಗ ಹೋಟೆಲ್ ಹತ್ತಿರದ ಅಂಗಡಿ ಆರಿಸಿದ. ವೆಬ್‌ಸೈಟ್ ಅವನನ್ನು ಏನೂ ಕೇಳಲಿಲ್ಲ, ಅದು ಕೇಳುವುದೂ ಇಲ್ಲ. ಪಿಸ್ತೂಲು ಬಂತು. ಅಂಗಡಿಯವನು ಅವನ ಲೈಸೆನ್ಸ್ ತಿರುಗಿಸಿ ನೋಡಿ ಡಬ್ಬವನ್ನು ಕೌಂಟರ್ ಕೆಳಗೆ ಇಟ್ಟುಬಿಟ್ಟ. ‘ನಾನು ಇಲ್ಲೇ ಇದ್ದೀನಿ’ ಅಂದರೆ ಆಗಲಿಲ್ಲ. ವಾಪಸ್ ಕಳಿಸಬೇಕಾಯಿತು. ವಾಪಸ್ ತೆಗೆದುಕೊಂಡದ್ದಕ್ಕೆ ವೆಬ್‌ಸೈಟ್‌ನವರು ಕಡಿತ ಮಾಡಿಕೊಂಡರು, ಅಂಗಡಿಯವನು ತನ್ನ ಟ್ರಾನ್ಸ್‌ಫರ್ ಫೀಸ್ ಬಿಡಲಿಲ್ಲ, ಕಳಿಸುವ ಖರ್ಚೂ ಇವನದೇ. ರಿಯಾಯಿತಿಯಲ್ಲಿ ಉಳಿದದ್ದಕ್ಕಿಂತ ಹೋದದ್ದೇ ಜಾಸ್ತಿ. ನನ್ನ ಮೊದಲ ಪ್ರಾಜೆಕ್ಟಿನಲ್ಲಿ ನನ್ನ ದುಡ್ಡೂ ಇದೇ ದಾರಿಯಲ್ಲಿ ಹೋಗಿತ್ತು. ಆಮೇಲೆ ಬಂದ ಎಷ್ಟೋ ಜನರದ್ದೂ ಹೋಗಿದೆ.

ಹಾಗಾದರೆ ನಿವಾಸಿ ಅಂದರೆ ಯಾರು? ಕೋವಿಗಳ ಕಾನೂನು ನೋಡಿಕೊಳ್ಳುವ ಫೆಡರಲ್ ಸಂಸ್ಥೆ ಎಟಿಎಫ್‌ನ ನಿಯಮ ಹೇಳುವುದು ಸರಳ: ನೀವು ಆ ರಾಜ್ಯದಲ್ಲಿ ಇರಬೇಕು, ಅಲ್ಲಿ ಮನೆ ಮಾಡಿಕೊಳ್ಳುವ ಉದ್ದೇಶವೂ ಇರಬೇಕು. ಕೆಲಸದ ಮೇಲೋ ಬೇಟೆಗೋ ಬೇರೆ ರಾಜ್ಯಕ್ಕೆ ಹೋದವನು ಅಲ್ಲಿನ ನಿವಾಸಿಯಾಗುವುದಿಲ್ಲ ಅಂತ ನಿಯಮದಲ್ಲೇ ಉದಾಹರಣೆ ಇದೆ. ಹೋಟೆಲ್ ಕೋಣೆಯವರ ಕಥೆ ಅಲ್ಲಿಗೆ ಮುಗಿಯಿತು. ಅದೇ ನಿಯಮ ಇನ್ನೊಂದು ಉದಾಹರಣೆಯನ್ನೂ ಕೊಡುತ್ತದೆ. ಎರಡು ರಾಜ್ಯದಲ್ಲಿ ಎರಡು ಮನೆ ಇರುವವನು, ಯಾವಾಗ ಎಲ್ಲಿ ವಾಸ ಮಾಡುತ್ತಾನೋ ಆವಾಗ ಅಲ್ಲಿನ ನಿವಾಸಿ. ಪ್ಲೇನೋದಲ್ಲಿ ನಿಮ್ಮ ಹೆಸರಿನಲ್ಲೇ ಅಪಾರ್ಟ್‌ಮೆಂಟ್ ಬಾಡಿಗೆಗೆ ಹಿಡಿದು, ಪಾತ್ರೆ ಪಡಗ ಇಟ್ಟುಕೊಂಡು ವರ್ಷ ಇರುತ್ತೀರಿ ಅಂದರೆ ಅಲ್ಲಿರುವ ಕಾಲಕ್ಕೆ ನೀವು ಟೆಕ್ಸಸ್ ನಿವಾಸಿ. ಬೇರೆ ರಾಜ್ಯದ ಕಾಲೇಜಿನ ಹಾಸ್ಟೆಲ್‌ನಲ್ಲಿ ಓದುತ್ತಿರುವ ಮಕ್ಕಳಿಗೂ ಇದೇ ಲೆಕ್ಕ. ಗ್ರೀನ್ ಕಾರ್ಡ್‌ನವರಿಗೆ ಮೊದಲು 90 ದಿನದ ವಾಸ ತೋರಿಸುವ ಷರತ್ತಿತ್ತು. 2012ರಲ್ಲಿ ಅದನ್ನು ತೆಗೆದರು. ಹಳಬರು ಈಗಲೂ ಅದನ್ನೇ ಹೇಳುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡಿ.

ನಿವಾಸಿಯಾದರೆ ಸಾಲದು, ಕಾಗದವೂ ಬೇಕು. ಅಂಗಡಿಯಲ್ಲಿ ಕೋವಿ ಕೊಳ್ಳುವಾಗ ತುಂಬುವ ಫೆಡರಲ್ ಫಾರ್ಮ್ 4473ರಲ್ಲಿ ಈಗ ವಾಸವಿರುವ ವಿಳಾಸ ಬರೆಯಬೇಕು. ಪೋಸ್ಟ್ ಬಾಕ್ಸ್ ನಡೆಯುವುದಿಲ್ಲ. ಆ ವಿಳಾಸ ಸರ್ಕಾರ ಕೊಟ್ಟ ದಾಖಲೆಯಲ್ಲಿ ಇರಬೇಕು. ಫೋಟೋಗೆ ಜರ್ಸಿಯ ಲೈಸೆನ್ಸ್ ತೋರಿಸಿ, ವಿಳಾಸಕ್ಕೆ ಪ್ಲೇನೋ ವಿಳಾಸ ಇರುವ ಟೆಕ್ಸಸ್‌ನ ಕಾರ್ ರಿಜಿಸ್ಟ್ರೇಷನ್ ತೋರಿಸಿದರೆ ಫೆಡರಲ್ ನಿಯಮದ ಪ್ರಕಾರ ನಡೆಯುತ್ತದೆ. ಮನೆ ಬಾಡಿಗೆ ಕರಾರು, ಬ್ಯಾಂಕ್ ಸ್ಟೇಟ್‌ಮೆಂಟ್, ಖಾಸಗಿ ಕಂಪನಿಯ ಕರೆಂಟ್ ಬಿಲ್ ನಡೆಯುವುದಿಲ್ಲ. ಅವು ಸರ್ಕಾರದ ಕಾಗದವಲ್ಲ. ಎರಡು ದಾಖಲೆ ಕೂಡಿಸಿ ಕೊಟ್ಟರೆ ಒಪ್ಪದ ಅಂಗಡಿಗಳೂ ಇವೆ. ಬೇಡ ಅನ್ನುವ ಹಕ್ಕು ಅವರಿಗಿದೆ, ಜಗಳ ಆಡಿ ಪ್ರಯೋಜನವಿಲ್ಲ. ಟೆಕ್ಸಸ್ ಡ್ರೈವಿಂಗ್ ಲೈಸೆನ್ಸ್ ಮಾಡಿಸಿದರೆ ಈ ರಗಳೆ ಇಲ್ಲ. ಆದರೆ ಜರ್ಸಿಯದನ್ನು ಒಪ್ಪಿಸಬೇಕು, ಅದನ್ನು ಯೋಚಿಸಿ.

ಇದರ ಇನ್ನೊಂದು ಮುಖ ಹೆಚ್ಚು ಅಪಾಯದ್ದು. ಹಳೆ ರಾಜ್ಯದ ಮನೆ ಖಾಲಿ ಮಾಡಿ ಬಂದಿರುತ್ತಾರೆ, ಲೈಸೆನ್ಸ್‌ನಲ್ಲಿ ಮಾತ್ರ ಹಳೆ ವಿಳಾಸವೇ ಇರುತ್ತದೆ. ‘ಕಾರ್ಡ್‌ನಲ್ಲಿ ಇದ್ದದ್ದನ್ನೇ ಬರೆದರಾಯ್ತು’ ಅಂತ ಫಾರ್ಮ್ ತುಂಬುತ್ತಾರೆ. ಅದು ಸುಳ್ಳು ಹೇಳಿಕೆ. ಅದಕ್ಕೆ 10 ವರ್ಷದವರೆಗೂ ಜೈಲು ಇದೆ. ಕಂಪ್ಯೂಟರ್ ಒಪ್ಪಿಕೊಂಡು, ಎಫ್‌ಬಿಐ ತಪಾಸಣೆ ಪಾಸಾಗಿ, ಪಿಸ್ತೂಲು ಕೈಗೆ ಬಂದರೂ ಆ ಸುಳ್ಳು ಕಾಗದದಲ್ಲಿ ಹಾಗೇ ಇರುತ್ತದೆ. ಗ್ರೀನ್ ಕಾರ್ಡ್ ಇರುವವರಿಗೆ ಶಿಕ್ಷೆಗಿಂತ ಅದರ ಬಾಲವೇ ದೊಡ್ಡದು. ಕೋವಿಗೆ ಸಂಬಂಧಪಟ್ಟ ಅಪರಾಧ ಸಾಬೀತಾದರೆ ದೇಶದಿಂದ ಹೊರಗೆ ಕಳಿಸಲು ಅದೊಂದೇ ಕಾರಣ ಸಾಕು. ಇಪ್ಪತ್ತು ವರ್ಷದ ಸಂಸಾರ, ಮಕ್ಕಳ ಸ್ಕೂಲು, ಮನೆ ಸಾಲ ಎಲ್ಲವೂ ಆ ಒಂದು ಸಾಲಿನ ಮೇಲೆ ನಿಂತಿರುತ್ತದೆ. ಅದೇ ಫಾರ್ಮ್‌ನಲ್ಲಿ ಗಾಂಜಾದ ಪ್ರಶ್ನೆಯೂ ಇದೆ. ನಿಮ್ಮ ರಾಜ್ಯದಲ್ಲಿ ಅಂಗಡಿಯಲ್ಲೇ ಸಿಗಬಹುದು, ಫೆಡರಲ್ ಕಾನೂನಿಗೆ ರಾಜ್ಯದ ಆ ಅನುಮತಿ ಲೆಕ್ಕಕ್ಕಿಲ್ಲ.

ಅಂಗಡಿಯಲ್ಲಿ ಆಗಲ್ಲ ಅಂದ ಕೂಡಲೇ ನಮ್ಮವರಿಗೆ ಹೊಳೆಯುವ ಉಪಾಯ ಒಂದೇ. ‘ಅಣ್ಣ, ನಿಮ್ಮ ಹತ್ರ ಟೆಕ್ಸಸ್ ಲೈಸೆನ್ಸ್ ಇದೆಯಲ್ಲ, ನಿಮ್ಮ ಹೆಸರಿನಲ್ಲಿ ತಗೊಳ್ಳಿ, ದುಡ್ಡು ನಾನು ಹಾಕ್ತೀನಿ.’ ಸಿಮ್ ಕಾರ್ಡ್, ಗ್ಯಾಸ್ ಕನೆಕ್ಷನ್ ಎಲ್ಲ ಹೀಗೇ ಮಾಡಿ ಅಭ್ಯಾಸವಾದವರು ನಾವು. ದಯವಿಟ್ಟು ಇದನ್ನು ಕೇಳಬೇಡಿ, ಯಾರಾದರೂ ಕೇಳಿದರೆ ಒಪ್ಪಬೇಡಿ. ವರ್ಜೀನಿಯಾದ ಮಾಜಿ ಪೊಲೀಸ್ ಬ್ರೂಸ್ ಅಬ್ರಾಮ್‌ಸ್ಕಿ ಪೆನ್ಸಿಲ್ವೇನಿಯಾದಲ್ಲಿದ್ದ ತನ್ನ ಅಂಕಲ್‌ಗೆ ಪೊಲೀಸ್ ರಿಯಾಯಿತಿಯಲ್ಲಿ ಗ್ಲಾಕ್ 19 ಕೊಡಿಸಲು ಹೊರಟ. ಅಂಕಲ್ 400 ಡಾಲರ್ ಚೆಕ್ ಕಳಿಸಿದರು. ಈತ ತಾನೇ ನಿಜವಾದ ಖರೀದಿದಾರ ಅಂತ ಫಾರ್ಮ್‌ನಲ್ಲಿ ಬರೆದ. ಆಮೇಲೆ ಪೆನ್ಸಿಲ್ವೇನಿಯಾದ ಡೀಲರ್ ಮೂಲಕವೇ, ತಪಾಸಣೆ ಮಾಡಿಸಿಯೇ ಅಂಕಲ್‌ಗೆ ಕೊಟ್ಟ. ಇಬ್ಬರೂ ಕೋವಿ ಇಟ್ಟುಕೊಳ್ಳಲು ಅರ್ಹರೇ. ಆದರೂ 2014ರಲ್ಲಿ ಸುಪ್ರೀಂ ಕೋರ್ಟ್ 5–4ರಲ್ಲಿ ಶಿಕ್ಷೆ ಎತ್ತಿಹಿಡಿಯಿತು. ದುಡ್ಡು ಹಾಕಿ ಕೊಳ್ಳುವವರು ಯಾರೋ, ಫಾರ್ಮ್ ಅವರೇ ತುಂಬಬೇಕು. ಪೊಲೀಸ್ ಆಗಿದ್ದವನಿಗೇ ಹೀಗಾದರೆ ನಮ್ಮ ಗತಿ ಏನು? ಕೋವಿ ಇಟ್ಟುಕೊಳ್ಳಬಾರದವರ ಪರವಾಗಿಯೋ ಅಪರಾಧಕ್ಕೆಂದೋ ಮಾಡುವ ಬೇನಾಮಿ ಖರೀದಿಗೆ 2022ರ ಕಾನೂನಿನಲ್ಲಿ ಪ್ರತ್ಯೇಕ ಕಲಮೇ ಬಂದಿದೆ, 15 ವರ್ಷದವರೆಗೆ ಶಿಕ್ಷೆ. ಬೇರೆ ರಾಜ್ಯದ ಸ್ನೇಹಿತನ ಹಳೆ ಪಿಸ್ತೂಲನ್ನು ಮನೆಯಲ್ಲೇ ದುಡ್ಡು ಕೊಟ್ಟು ತಗೊಳ್ಳುವುದೂ ತಪ್ಪು. ನಿಮ್ಮ ರಾಜ್ಯದ ಡೀಲರ್ ಮೂಲಕವೇ ಅದು ನಿಮ್ಮ ಕೈಗೆ ಬರಬೇಕು.

ಯಾವ ವ್ಯವಸ್ಥೆ ಒಳ್ಳೆಯದು ಅಂತ ಕೇಳುತ್ತಾರೆ. ಟೆಕ್ಸಸ್‌ನವರಿಗೆ ಬೇಜಾರಾಗಬಹುದು, ನನಗೆ ಜರ್ಸಿಯದೇ ಒಳ್ಳೆಯದು ಅನ್ನಿಸುತ್ತದೆ. ಎಫ್‌ಐಡಿ ಕಾರ್ಡ್ ಬೇರೆ, ಒಂದೊಂದು ಪಿಸ್ತೂಲಿಗೂ ಒಂದೊಂದು ಪರ್ಮಿಟ್ ಬೇರೆ. ನಿಧಾನ, ಹೌದು. ಆದರೆ ನಿಮಗೆ ಆಗುತ್ತದೋ ಇಲ್ಲವೋ ಅಂತ ದುಡ್ಡು ಕೊಡುವ ಮುಂಚೆಯೇ ಒಬ್ಬ ಅಧಿಕಾರಿ ನೋಡಿ ಹೇಳುತ್ತಾನೆ. ಟೆಕ್ಸಸ್‌ನಲ್ಲಿ ಆ ಭಾರವೆಲ್ಲ ನಿಮ್ಮ ಸಹಿಯ ಮೇಲೆ. ಭಾಷೆ, ಕಾನೂನು ಎರಡೂ ಹೊಸದಾಗಿರುವ ನಮ್ಮಂಥವರಿಗೆ ಬೇಗ ಸಿಗುವುದಕ್ಕಿಂತ ಯಾರಾದರೂ ತಡೆದು ನಿಲ್ಲಿಸುವುದು ಮುಖ್ಯ. ಮಲೆನಾಡಿನಲ್ಲಿ ಎಲೆಕ್ಷನ್ ಬಂದಾಗಲೆಲ್ಲ ಬೆಳೆ ಕಾಯುವ ಕೋವಿಯನ್ನು ಸ್ಟೇಷನ್‌ಗೆ ಒಪ್ಪಿಸಿ ಬರಬೇಕು ಅಂತ ರೈತರು ಬೈಯುತ್ತಾರೆ. ಬೈಯುವುದರಲ್ಲಿ ನ್ಯಾಯವೂ ಇದೆ, ಹಂದಿ ಎಲೆಕ್ಷನ್ ನೋಡಿಕೊಂಡು ಗದ್ದೆಗೆ ಬರುವುದಿಲ್ಲ. ಆದರೂ ಯಾರ ಮನೆಯಲ್ಲಿ ಏನಿದೆ ಅಂತ ಸ್ಟೇಷನ್‌ಗೆ ಗೊತ್ತಿರುವುದು ಒಳ್ಳೆಯದೇ.

ಆದ್ದರಿಂದ ನನ್ನ ಸಲಹೆ ಇಷ್ಟು. ನಿಮ್ಮ ಸಂಸಾರ ಜರ್ಸಿಯಲ್ಲಿದ್ದು, ಪ್ರಾಜೆಕ್ಟ್ ಮುಗಿದ ಮೇಲೆ ಅಲ್ಲಿಗೇ ಹೋಗುವುದಾದರೆ ಜರ್ಸಿಯಲ್ಲೇ ಕೊಳ್ಳಿ. ಟೆಕ್ಸಸ್‌ನಲ್ಲಿ ಅಪಾರ್ಟ್‌ಮೆಂಟ್ ಇದ್ದು ಸರಿಯಾಗಿಯೇ ಕೊಂಡರೂ ಅದನ್ನು ಜರ್ಸಿಗೆ ಒಯ್ಯುವುದು ಬೇರೆಯೇ ತಲೆನೋವು. ವಾಸದ ರಾಜ್ಯದ ಹೊರಗೆ ಕೊಂಡ ಪಿಸ್ತೂಲನ್ನು ಆ ರಾಜ್ಯಕ್ಕೆ ತರಬಾರದು ಎಂಬ ಫೆಡರಲ್ ಕಲಮು ಎರಡು ಮನೆ ಇರುವವರಿಗೆ ಇಕ್ಕಟ್ಟು ತರುತ್ತದೆ. ಒಯ್ಯುವ ಮುಂಚೆ ಜರ್ಸಿಯ ವಕೀಲರಿಗೆ ಫೀಸ್ ಕೊಟ್ಟು ಕೇಳಿ. ಗ್ಲಾಕ್ 19ರ ಜೊತೆ ಟೆಕ್ಸಸ್‌ನಲ್ಲಿ ಬರುವ ಮ್ಯಾಗಜೀನ್ 15 ಗುಂಡಿನದು. ಜರ್ಸಿಯಲ್ಲಿ ಮಿತಿ 10. ಪಿಸ್ತೂಲಿನ ಕಾಗದ ಎಷ್ಟೇ ಸರಿ ಇದ್ದರೂ ಆ ಮ್ಯಾಗಜೀನ್ ಒಂದೇ ನಿಮ್ಮನ್ನು ಒಳಗೆ ಹಾಕಿಸುತ್ತದೆ.

ಕಾರಿನಲ್ಲಿ ಹೋಗುವುದಾದರೆ ಗುಂಡು ತೆಗೆದು, ಬೀಗ ಹಾಕಿ, ಡಿಕ್ಕಿಯಲ್ಲಿಡಿ. ಹೊರಟ ಕಡೆಯೂ ತಲುಪುವ ಕಡೆಯೂ ಅದು ಕಾನೂನುಬದ್ಧವಾಗಿದ್ದರೆ ಮಾತ್ರ ನಡುವಿನ ರಾಜ್ಯಗಳಲ್ಲಿ ಫೆಡರಲ್ ರಕ್ಷಣೆ ಇದೆ. ವಿಮಾನದಲ್ಲಾದರೆ ಗಟ್ಟಿ ಪೆಟ್ಟಿಗೆಗೆ ಬೀಗ ಹಾಕಿ, ಕೌಂಟರ್‌ನಲ್ಲಿ ಹೇಳಿ, ಚೆಕ್-ಇನ್ ಬ್ಯಾಗ್‌ನಲ್ಲಿ ಹಾಕಬೇಕು. ಸಾಧ್ಯವಾದರೆ ನೆವಾರ್ಕ್ ಮೂಲಕ ಹೋಗುವ ಟಿಕೆಟ್ ತಗೊಳ್ಳಲೇಬೇಡಿ. 2005ರಲ್ಲಿ ಯೂಟಾದಿಂದ ಪೆನ್ಸಿಲ್ವೇನಿಯಾಗೆ ಹೊರಟಿದ್ದ ಒಬ್ಬರಿಗೆ ನೆವಾರ್ಕ್‌ನಲ್ಲಿ ಮುಂದಿನ ವಿಮಾನ ತಪ್ಪಿತು. ಬ್ಯಾಗ್ ತೆಗೆದುಕೊಂಡು ರಾತ್ರಿ ಹೋಟೆಲ್‌ನಲ್ಲಿ ಉಳಿದರು. ಬೆಳಿಗ್ಗೆ ಚೆಕ್-ಇನ್ ಮಾಡುವಾಗ ಪಿಸ್ತೂಲು ಇದೆ ಅಂತ ತಾವೇ ಹೇಳಿದರು, ಅಲ್ಲೇ ಬಂಧಿಸಿದರು. ಕೇಸ್ ಬಿಟ್ಟುಹೋಯಿತು. ಆದರೆ ಅವರು ಪರಿಹಾರ ಕೇಳಿ ಹೂಡಿದ ದಾವೆ 2010ರಲ್ಲಿ ಮೇಲ್ಮನವಿ ಕೋರ್ಟ್‌ನಲ್ಲಿ ಬಿದ್ದುಹೋಯಿತು. ರಾತ್ರಿಯೆಲ್ಲ ಪಿಸ್ತೂಲು ಕೈಗೆ ಸಿಗುವಂತೆ ಇತ್ತು, ಹಾಗಾಗಿ ಪ್ರಯಾಣದ ರಕ್ಷಣೆ ಸಿಗುವುದಿಲ್ಲ ಅಂದರು. ನೆವಾರ್ಕ್‌ನಲ್ಲಿ ನಿಮಗೂ ವಿಮಾನ ತಪ್ಪಿದರೆ ಆ ಬ್ಯಾಗ್ ಮುಟ್ಟಬೇಡಿ. ಮುಂದಿನ ವಿಮಾನದವರೆಗೂ ಏರ್‌ಲೈನ್‌ನವರೇ ಇಟ್ಟುಕೊಳ್ಳಲಿ ಅಂತ ಕೌಂಟರ್‌ನಲ್ಲಿ ಹೇಳಿ, ರಸೀದಿ ಇಟ್ಟುಕೊಂಡು ಖಾಲಿ ಕೈಯಲ್ಲಿ ಹೋಟೆಲ್‌ಗೆ ಹೋಗಿ.