ಊರಿಗೊಂದು ಬಿಡಿಪ್ರತಿ: ಸಂಘದ ಪತ್ರಿಕೆ ಉಳಿಸಿಕೊಂಡ ನನ್ನ ಅನುಭವ

ಗದಗಿನ ನಮ್ಮ ಸಣ್ಣ ಇತಿಹಾಸ ಸಂಘದ ತ್ರೈಮಾಸಿಕ ಈ ವರ್ಷ ಸಾಲ ಇಲ್ಲದೆ ಹೊರಬಂತು. ನಾಲ್ಕೂ ಸಂಚಿಕೆ, ಹೇಳಿದ ತಿಂಗಳಿಗೇ. ಮೂರು ವರ್ಷದ ಹಿಂದೆ "ಇದು ಆಗೂ ಮಾತಲ್ಲ, ಬಿಡ್ರಿ" ಅಂದವರು ಈಗ ತಮ್ಮೂರಿನ ಕಲ್ಲಿನ ಶಾಸನದ ಲೇಖನ ಯಾವಾಗ ಬರುತ್ತೆ ಅಂತ ಕೇಳುತ್ತಿದ್ದಾರೆ. ಅದಕ್ಕೇ ಇದನ್ನ ಬರೆಯುತ್ತಿದ್ದೇನೆ.

ನಮ್ಮ ಕುತ್ತಿಗೆಗೆ ಬಂದಿದ್ದು ಆಜೀವ ಸದಸ್ಯತ್ವ. ನಿಮ್ಮಲ್ಲೂ ಇದೇ ಕತೆ ಇರುತ್ತೆ, ಅಲ್ವಾ? ತೊಂಬತ್ತರ ದಶಕದಲ್ಲಿ 500 ರೂಪಾಯಿ ತಗೊಂಡು, ಜೀವ ಇರೋವರೆಗೂ ಪತ್ರಿಕೆ ಕಳಿಸ್ತೀವಿ ಅಂತ ರಸೀದಿ ಹರಿದು ಕೊಟ್ಟೆವು. ಆಗ ಠೇವಣಿಗೆ ಹತ್ತಿರ ಹತ್ತಿರ 12% ಬಡ್ಡಿ. ವರ್ಷಕ್ಕೆ ಬರೋ 60 ರೂಪಾಯಿಯಲ್ಲಿ ಅಚ್ಚು, ಅಂಚೆ ಎರಡೂ ಮುಗಿಯುತ್ತಿತ್ತು. ಈಗ ಅದೇ ದುಡ್ಡಿಗೆ 30-35 ರೂಪಾಯಿ ಬಡ್ಡಿ. ಒಂದು ಪ್ರತಿಯ ಅಚ್ಚಿಗೇ 70-80 ಹೋಗುತ್ತೆ. ಅಂಥ ಸದಸ್ಯರು ಸುಮಾರು 400 ಜನ.

ಮೊದಲು ವಾರ್ಷಿಕ ಚಂದಾ 100ರಿಂದ 300ಕ್ಕೆ ಏರಿಸಿದೆವು. ಅರ್ಧ ಜನ ಬಿಟ್ಟೇಬಿಟ್ಟರು. ಜಾಹೀರಾತಿಗೆ ಬಟ್ಟೆ ಅಂಗಡಿ, ಕಾಳಿನ ಅಡತಿ ಎಲ್ಲ ಸುತ್ತಿದೆ. ಒಂದು ಸಲ ಕೊಟ್ಟವರು ಎರಡನೇ ಸಲ ಫೋನ್ ಎತ್ತಲಿಲ್ಲ. ಆಮೇಲೆ ದಪ್ಪನೆಯ ವಿಶೇಷ ಸಂಚಿಕೆ, 1000 ಪ್ರತಿ, ಪ್ರೆಸ್‌ನಲ್ಲಿ ಉದ್ರಿ. ಮಾರಿದ್ದು 280. ಉಳಿದ ಕಟ್ಟುಗಳು ಸಂಘದ ಕೋಣೆಯಲ್ಲಿ ಗೋಡೆಗೆ ಒರಗಿ ನಿಂತವು. ಮಳೆಗಾಲ ಮುಗಿದ ಮೇಲೆ ಬಿಚ್ಚಿ ನೋಡಿದರೆ ಕೆಳಗಿನ ಸಾಲಿಗೆಲ್ಲ ಗೆದ್ದಲು. ಆ ಸಾಲ ತೀರಿಸೋಕೆ ಎರಡು ವರ್ಷ ಬೇಕಾಯಿತು. ಅದರಲ್ಲಿ 18 ಸಾವಿರ ನನ್ನ ಕೈಯಿಂದಲೇ ಹೋಯಿತು.

ದೊಡ್ಡವರಿಗೂ ಇದು ತಪ್ಪಿಲ್ಲ. ಲಂಡನ್ನಿನ ವಿಜ್ಞಾನಿಗಳ ಸಂಘ ರಾಯಲ್ ಸೊಸೈಟಿ 1686ರಲ್ಲಿ ಮೀನುಗಳ ಮೇಲೊಂದು ಚಿತ್ರಗಳಿರೋ ಪುಸ್ತಕ ತಂದು ಕೈಸುಟ್ಟುಕೊಂಡಿತು. ಮರುವರ್ಷ ನ್ಯೂಟನ್‌ನ ‘ಪ್ರಿನ್ಸಿಪಿಯಾ’ ಅನ್ನೋ ಭೌತಶಾಸ್ತ್ರದ ಮಹಾಗ್ರಂಥ ಅಚ್ಚು ಹಾಕಿಸೋಕೆ ದುಡ್ಡಿಲ್ಲ. ಸಂಘದ ಗುಮಾಸ್ತನಾಗಿದ್ದ ಖಗೋಳ ವಿಜ್ಞಾನಿ ಹ್ಯಾಲಿ ತನ್ನ ಕೈಯಿಂದ ಹಾಕಿದ. ಅವನ ಸಂಬಳದ ಬದಲು ಮಾರಾಟವಾಗದ ಮೀನಿನ ಪುಸ್ತಕಗಳನ್ನೇ ಕೊಟ್ಟರು. ಅವರ ಪತ್ರಿಕೆಯನ್ನ 1665ರಲ್ಲಿ ಶುರು ಮಾಡಿದ್ದು ಕಾರ್ಯದರ್ಶಿ ಓಲ್ಡನ್‌ಬರ್ಗ್, ಸ್ವಂತ ಜವಾಬ್ದಾರಿಯಲ್ಲಿ. ಸಂಘ ಅದರ ಖರ್ಚು ಹೊತ್ತಿದ್ದು 1752ರಲ್ಲಿ.

ನನಗೆ ದಾರಿ ಹೊಳೆದದ್ದು ನಮ್ಮ ಧಾರವಾಡದ ಉದಾಹರಣೆಯಿಂದ. 1890ರಲ್ಲಿ ಹುಟ್ಟಿದ ವಿದ್ಯಾವರ್ಧಕ ಸಂಘ 1896ರಲ್ಲಿ ‘ವಾಗ್ಭೂಷಣ’ ಪತ್ರಿಕೆ ತಂದಾಗ, ಈ ಭಾಗದಲ್ಲಿ ಮರಾಠಿಯದೇ ಜೋರು. ಕನ್ನಡ ಓದೋರನ್ನ ಮೊದಲು ಕೂಡಿಸಬೇಕಿತ್ತು. ನಾವು ಮಾತ್ರ ಪ್ರೊಫೆಸರುಗಳಿಗೆ ಬರೆದು ಪ್ರೊಫೆಸರುಗಳಿಗೇ ಕಳಿಸುತ್ತಿದ್ದೆವು. ಅವರ ಬಡ್ತಿಗೆ ಲೆಕ್ಕಕ್ಕೆ ಬರೋ ಅಂಗೀಕೃತ ಪತ್ರಿಕೆಗಳ ಪಟ್ಟಿ ಬಂದ ಮೇಲೆ ಅವರ ಲೇಖನಗಳೂ ನಿಂತವು. ಒಬ್ಬರು 3000 ಕೊಡ್ತೀನಿ, ನನ್ನ ಲೇಖನ ಹಾಕಿ ಅಂದರು. ಸಂಘಕ್ಕೆ ಸಾಲ ಇತ್ತು, ಆದರೂ ತಗೊಳ್ಳಲಿಲ್ಲ.

ಮಾಡಿದ್ದು ಇಷ್ಟು. ಪತ್ರಿಕೆಯನ್ನ ಬಂದ ದಿನವೇ ಪಿಡಿಎಫ್ ಮಾಡಿ ಎಲ್ಲರಿಗೂ ಪುಕ್ಕಟೆ ಬಿಟ್ಟೆವು. "ಪುಕ್ಕಟೆ ಸಿಕ್ಕರ ಯಾರ್ ಕೊಳ್ತಾರ್ರೀ?" ಅಂತ ಖಜಾಂಚಿಗಳು ಸಿಟ್ಟಾದರು. ಆಜೀವ ಸದಸ್ಯರಿಗೆಲ್ಲ ಒಂದೊಂದು ಕಾರ್ಡು ಬರೆದೆ: ಅಚ್ಚಿನ ಪ್ರತಿಯೇ ಬೇಕಾ, ವಾಟ್ಸಾಪ್‌ನಲ್ಲಿ ಕಳಿಸಿದರೆ ನಡೆಯುತ್ತಾ? ಅಚ್ಚು ಬೇಕು ಅಂದವರು 130 ಜನ ಅಷ್ಟೇ. ಈಗ ಹಾಕಿಸೋದು 200 ಪ್ರತಿ, ಸಂಚಿಕೆಗೆ 16 ಸಾವಿರದ ಆಸುಪಾಸು.

ಆ ದುಡ್ಡು ಬರೋದು ಬಿಡಿಪ್ರತಿಯಿಂದ, ಅಂದರೆ ಸಂಚಿಕೆಯ ಒಂದೇ ಲೇಖನವನ್ನ ಬೇರೆಯಾಗಿ ಹೊಲಿದ ಪುಸ್ತಿಕೆಯಿಂದ. ಒಂದು ಊರಿನ ಶಾಸನದ ಲೇಖನ 16 ಪುಟದ ಒಂದೇ ಫಾರಂನಲ್ಲಿ (ಅಚ್ಚಿನ ಒಂದು ದೊಡ್ಡ ಹಾಳೆಯಲ್ಲಿ) ಕೂರಬೇಕು. ಸಂಚಿಕೆಗೆಂದು ಅಚ್ಚಿನ ಪ್ಲೇಟ್ ಹೇಗೂ ಆಗಿರುತ್ತೆ. ಅದೇ ಫಾರಂ 250 ಜಾಸ್ತಿ ಓಡಿಸಿ, ಮಡಚಿ, ಪಿನ್ ಹೊಡೆದು, ಊರ ಹೆಸರಿನ ಹೊದಿಕೆ ಹಾಕಿದರೆ 6 ರೂಪಾಯಿ ಬೀಳುತ್ತೆ. ಮಾರೋದು 20ಕ್ಕೆ, ಆ ಊರಿನ ಜಾತ್ರೆಯಲ್ಲೇ. ಸಂಚಿಕೆಗೆ ಐದು ಊರು ಹಿಡಿದರೆ 17 ಸಾವಿರ ಉಳಿಯುತ್ತೆ. ಬಿಡಿಪ್ರತಿಗೆ ಮುಂಗಡ ಯಾರ ಕೈಯಿಂದ, ಯಾವ ಹೊತ್ತಿಗೆ ಕೇಳಬೇಕು ಅನ್ನೋದನ್ನ ಮಾತ್ರ ಇಲ್ಲಿ ಬರೆಯಲ್ಲ. ಮೂರು ವರ್ಷ ತಿರುಗಿ ಕಲಿತದ್ದು ಅದು.

ರೋಣ ಕಡೆಯ ಒಂದು ಹಳ್ಳಿಯಲ್ಲಿ ತೇರಿನ ದಿನ ಮೇಜು ಹಾಕಿದ್ದೆ. ಅರವತ್ತು ದಾಟಿದ ರೈತರೊಬ್ಬರು ನಿಂತಲ್ಲೇ ಓದತೊಡಗಿದರು. ಗುಡಿಗೆ 12 ಮತ್ತರು (ಹಳೇ ಕಾಲದ ಭೂಮಿ ಅಳತೆ) ಹೊಲ ಬಿಟ್ಟ ಸಾಲು ಬಂತು. ಹಳ್ಳದ ಮೂಡಲಿಗೆ ಗಡಿಕಲ್ಲು ಅಂತಿತ್ತು. ಬೆರಳು ಅಲ್ಲೇ ನಿಂತಿತು. "ಇದು ನಮ್ಮ ದೊಡ್ಡಹೊಲರೀ ಸರ. ಆ ಕಲ್ಲ ಈಗೂ ಐತಿ, ಎತ್ತ ಕಟ್ಟತೀವಿ." ಹನ್ನೊಂದು ಪ್ರತಿ ತಗೊಂಡರು, ಮನೆಗೊಂದು, ಮಕ್ಕಳು ಅಳಿಯಂದಿರಿಗೊಂದೊಂದು. ಮರುದಿನ ನನ್ನನ್ನ ಕರೆದೊಯ್ದು ಕಲ್ಲು ತೋರಿಸಿದರು. ಮಣ್ಣು ತೆಗೆದರೆ ಬುಡದಲ್ಲಿ ಇನ್ನೂ ಮೂರು ಸಾಲು! ಯಾವ ಪಟ್ಟಿಯಲ್ಲೂ ನಾನು ಕಂಡಿರದ ಸಾಲುಗಳು. ಅದು ಮುಂದಿನ ಲೇಖನ ಆಯಿತು.

ನಡುವೆ ಹಳೆ ಸಂಚಿಕೆಗಳನ್ನ ಜಾಲತಾಣಕ್ಕೆ ಏರಿಸೋ ಕೆಲಸಕ್ಕೂ ಕೈ ಹಾಕಿದೆ. ಯುನಿಕೋಡ್‌ಗೂ ಮುಂಚಿನ ಫಾಂಟು. ಬದಲಿಸಿದಾಗ ಅರ್ಕಾವೊತ್ತು ಜಾಗ ತಪ್ಪುತ್ತಿತ್ತು, ಱ, ೞ ಎರಡೂ ಚೌಕ ಆಗುತ್ತಿದ್ದವು. ಹಳಗನ್ನಡ ಪಾಠದಲ್ಲಿ ಅವೇ ಹೋದರೆ ಉಳಿದದ್ದೇನು? ಒಂದೊಂದೇ ಸಾಲನ್ನ ಪಡಿಯಚ್ಚಿನ (ಶಾಸನದ ಕಲ್ಲಿಗೆ ಕಾಗದ ಒತ್ತಿ ತೆಗೆದ ನಕಲಿನ) ಜೊತೆ ಹೋಲಿಸಿ ತಿದ್ದುತ್ತಿದ್ದೇವೆ, 23 ಸಂಚಿಕೆ ಮುಗಿದಿವೆ. ಪತ್ರಿಕೆಯನ್ನ ಜಾಲತಾಣದಲ್ಲಿ ನಡೆಸೋ ತಂತ್ರಾಂಶ ಓಪನ್ ಜರ್ನಲ್ ಸಿಸ್ಟಮ್ಸ್ ಪುಕ್ಕಟೆ ಸಿಗುತ್ತೆ, ಪತ್ರಿಕೆಯ ಗುರುತಿನ ಸಂಖ್ಯೆ ಐಎಸ್‌ಎಸ್‌ಎನ್‌ಗೂ ದುಡ್ಡಿಲ್ಲ. ಸರ್ವರಿಗೆ ವರ್ಷಕ್ಕೆ 4 ಸಾವಿರ. ಪ್ರತಿ ಲೇಖನಕ್ಕೂ ಕಾಯಂ ಗುರುತು ಕೊಡೋ ಡಿಒಐಗೆ ಆಗ ವರ್ಷಕ್ಕೆ 275 ಡಾಲರ್ ಅಂದಾಗ ಸದ್ಯ ಬೇಡ ಅಂತ ಬಿಟ್ಟೆವು.

ಮುಂದಿನ ಸಂಚಿಕೆಗೆ ಹಾನಗಲ್ ಕಡೆಯ ಎರಡು ವೀರಗಲ್ಲುಗಳಿವೆ. ಪಡಿಯಚ್ಚು ಒಣಗುತ್ತಿದೆ. 150 ಪ್ರತಿಗೆ ಮುಂಗಡ ಬಂದಾಗಿದೆ.