ತಮ್ಮನ ಕಡತ

ನನ್ನ ತಮ್ಮನಿಗೆ ಹುಟ್ಟಿನಿಂದಲೇ ಬೌದ್ಧಿಕ ವೈಕಲ್ಯವಿದೆ. ಅವನ ಅಂಗವೈಕಲ್ಯ ಪ್ರಮಾಣಪತ್ರ, ಮಾಸಾಶನ ಮತ್ತು ಕಾನೂನುಬದ್ಧ ಪೋಷಕತ್ವದ ಕೆಲಸಗಳನ್ನು ಮಧ್ಯವರ್ತಿಗಳ ನೆರವಿಲ್ಲದೆ ನಾನೇ ಮಾಡಿಸಿದೆ. ಎಲ್ಲವೂ ಮುಗಿಯಲು ಎರಡು ವರ್ಷ ಹಿಡಿಯಿತು. ಅವನ ಅರ್ಹತೆಯ ಬಗ್ಗೆ ಯಾರೂ ತಕರಾರು ತೆಗೆಯಲಿಲ್ಲ. ಆದರೆ ಬೇರೆ ಬೇರೆ ಕಾಗದಗಳಲ್ಲಿರುವ ವ್ಯಕ್ತಿ ಒಬ್ಬನೇ ಎಂದು ತೋರಿಸುವುದರಲ್ಲಿಯೇ ಅರ್ಧದಷ್ಟು ಕಾಲ ಕಳೆಯಿತು.

ಶಾಲಾ ದಾಖಲೆಯಲ್ಲಿ ಇನಿಷಿಯಲ್ ಹೆಸರಿನ ಮುಂದಿತ್ತು, ಆಧಾರ್‌ನಲ್ಲಿ ತಂದೆಯ ಪೂರ್ಣ ಹೆಸರು ಕೊನೆಯಲ್ಲಿತ್ತು, ಪಡಿತರ ಚೀಟಿಯಲ್ಲಿ ಅವನನ್ನು ಮನೆಯಲ್ಲಿ ಕರೆಯುವ ಹೆಸರೇ ಇತ್ತು. ಇದನ್ನು ಕಡೆಗಣಿಸಿ ನೇರವಾಗಿ ಮಾಸಾಶನಕ್ಕೆ ಅರ್ಜಿ ಹಾಕಿದೆ, ಅದು ತಿರಸ್ಕೃತವಾಯಿತು. ಆಮೇಲೆ ಮೊದಲು ಆಧಾರ್, ನಂತರ ಪಡಿತರ ಚೀಟಿ ತಿದ್ದಿಸಿ, ಅದೇ ಕಾಗುಣಿತದಲ್ಲಿ ಕೇಂದ್ರ ಸರ್ಕಾರದ ಸ್ವಾವಲಂಬನ್ ಜಾಲತಾಣದಲ್ಲಿ ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಗೆ, ಅರ್ಜಿ ಸಲ್ಲಿಸಿದೆ. ಈ ಕ್ರಮ ತಿರುವುಮುರುವಾದರೆ ಪ್ರತಿಯೊಂದನ್ನೂ ಎರಡೆರಡು ಸಲ ತಿದ್ದಿಸಬೇಕಾಗುತ್ತದೆ.

ಹಳೆಯ ಪ್ರಮಾಣಪತ್ರದ ಅವಧಿ ಮುಗಿದಿದ್ದುದರಿಂದ ವೈದ್ಯಕೀಯ ಮಂಡಳಿಯ ಮುಂದೆ ಹೊಸದಾಗಿ ಹಾಜರಾಗಬೇಕಾಯಿತು. ಆಗ ಜಾರಿಯಲ್ಲಿದ್ದ 2018ರ ಕೇಂದ್ರ ಮಾರ್ಗಸೂಚಿಯ ಪ್ರಕಾರ ಬೌದ್ಧಿಕ ವೈಕಲ್ಯದ ಮಕ್ಕಳನ್ನು 5 ಮತ್ತು 10ನೇ ವಯಸ್ಸಿನಲ್ಲಿ ಮರುಪರೀಕ್ಷೆ ಮಾಡಬೇಕಿತ್ತು, 18 ತುಂಬಿದ ಮೇಲೆ ಕೊಡುವ ಪ್ರಮಾಣಪತ್ರ ಜೀವನಪರ್ಯಂತ ಸಿಂಧುವಾಗಿತ್ತು. ಬುದ್ಧಿಮತ್ತೆಯ ಪರೀಕ್ಷೆಯ ಜೊತೆಗೆ ವೈನ್‌ಲ್ಯಾಂಡ್ ಸಾಮಾಜಿಕ ಪ್ರೌಢತೆಯ ಮಾಪಕವನ್ನೂ ಬಳಸುತ್ತಾರೆ. ಇದರಲ್ಲಿ ವ್ಯಕ್ತಿ ಉಣ್ಣುವುದು, ಸ್ನಾನ ಮಾಡುವುದು, ಬಟ್ಟೆ ತೊಡುವುದು, ಹಣ ಎಣಿಸುವುದು, ಒಬ್ಬನೇ ಹೊರಗೆ ಹೋಗಿಬರುವುದು ಇವೆಲ್ಲವನ್ನೂ ಅವನನ್ನು ನೋಡಿಕೊಳ್ಳುವವರನ್ನು ಕೇಳಿ ಅಂಕ ಹಾಕಲಾಗುತ್ತದೆ.

ಮನಃಶಾಸ್ತ್ರಜ್ಞರು ಕೇಳಿದ ಪ್ರಶ್ನೆಗಳಿಗೆಲ್ಲ ಅಮ್ಮ ಕೊಟ್ಟ ಉತ್ತರ ಒಂದೇ: “ಮಾಡ್ತಾನೆ.” ಮಗನನ್ನು ಪರರ ಮುಂದೆ ಬಿಟ್ಟುಕೊಡಲು ಆಕೆಗೆ ಮನಸ್ಸಿಲ್ಲ, ಅದು ನನಗೆ ಅರ್ಥವಾಗುತ್ತದೆ. ಆದರೆ ಅವನು ಸ್ನಾನ ಮಾಡುವುದು ಅಮ್ಮ ನೀರು ಹದ ಮಾಡಿಟ್ಟು, ಸೋಪು ಕೈಗೆ ಕೊಟ್ಟು, ಬಾಗಿಲ ಹೊರಗೆ ನಿಂತು ಒಂದೊಂದಾಗಿ ಹೇಳಿಕೊಡುತ್ತಿರುವಾಗ ಮಾತ್ರ. ಅಂಗಿಯ ಗುಂಡಿಗಳನ್ನು ಇಪ್ಪತ್ತು ವರ್ಷಗಳಿಂದ ಆಕೆಯೇ ಹಾಕುತ್ತಿದ್ದಾಳೆ, ಹಾಗೆ ಮಾಡುತ್ತಿದ್ದೇನೆಂಬುದೇ ಆಕೆಗೆ ಮರೆತುಹೋಗಿದೆ. ಇದು ಗೊತ್ತಿದ್ದುದರಿಂದ ನಾನು ಅದಕ್ಕೆ ಮೊದಲಿನ ಒಂದು ವಾರ, ಬೆಳಗಿನಿಂದ ರಾತ್ರಿಯವರೆಗೆ ಯಾವ ಕೆಲಸಕ್ಕೆ ಯಾರು ಎಷ್ಟು ಹೊತ್ತು ಕೈಹಾಕಿದರೆಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಅದನ್ನು ಓದಿ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ನನ್ನೊಡನೆ ಮಾತಾಡಲಿಲ್ಲ. ಮಾಪಕದಲ್ಲಿ 36ರಿಂದ 54ರೊಳಗಿನ ಅಂಕಕ್ಕೆ ಶೇಕಡಾ 75ರಷ್ಟು ವೈಕಲ್ಯವೆಂದು ನಮೂದಿಸುತ್ತಾರೆ, 55ಕ್ಕೆ ಏರಿದರೆ ಅದು ಶೇಕಡಾ 50ಕ್ಕೆ ಇಳಿಯುತ್ತದೆ. ಅಮ್ಮನ ಉತ್ತರಗಳೇ ಉಳಿದಿದ್ದರೆ ತಮ್ಮ ಆ ಗೆರೆಯನ್ನು ದಾಟಿಬಿಡುತ್ತಿದ್ದ. ಕೊನೆಗೆ ಬಂದದ್ದು 75.

ಶೇಕಡಾ 40ರಿಂದ 80ರೊಳಗಿನವರಿಗೆ ಕೊಡುವ ಹಳದಿ ಪಟ್ಟಿಯ ಯುಡಿಐಡಿ ಕಾರ್ಡು ಅಂಚೆಯಲ್ಲಿ ಬಂತು. ಶೇಕಡಾ 80 ಮತ್ತು ಅದಕ್ಕಿಂತ ಹೆಚ್ಚಿನ ವೈಕಲ್ಯವಿರುವ ಬಡಕುಟುಂಬದವರಿಗೆ ಕೇಂದ್ರವು ಕೊಡುವ ತಿಂಗಳಿಗೆ 300 ರೂಪಾಯಿಯ ಪಿಂಚಣಿ ಅವನಿಗೆ ಅನ್ವಯಿಸುವುದಿಲ್ಲವಾದ್ದರಿಂದ ರಾಜ್ಯದ ಮಾಸಾಶನಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟೆ. ಯಾವ ಕಾಗದಗಳು ಬೇಕೆಂದು ನಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ಮೊದಲೇ ಹೇಳಿದ್ದರು. ಸರ್ಕಾರಿ ಸೇವೆಗಳಿಗೆ ಗಡುವು ಹಾಕುವ ‘ಸಕಾಲ’ ಯೋಜನೆಯ ಸ್ವೀಕೃತಿ ಸಂಖ್ಯೆಯಿಲ್ಲದೆ ಕೌಂಟರಿನಿಂದ ಕದಲಬಾರದೆಂದು ಅವರು ಹೇಳಿದ್ದೇ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು. ಮಂಜೂರಾತಿ ಪತ್ರ ಬಂದರೂ ಹಣ ಬರಲಿಲ್ಲ; ವಿಚಾರಿಸಿದಾಗ ಆಧಾರ್ ಇನ್ನೊಂದು ಹಳೆಯ, ನಿಷ್ಕ್ರಿಯ ಖಾತೆಗೆ ಜೋಡಣೆಯಾಗಿತ್ತು. ಅದನ್ನು ಬದಲಾಯಿಸಿದ ಮೇಲೆ ಸರಿಹೋಯಿತು.

ಪೋಷಕತ್ವದ ಮಾತು ಬಂದದ್ದು ಬ್ಯಾಂಕಿನಿಂದಲೇ. ತಮ್ಮನಿಗೆ ಸಹಿ ಮಾಡಲು ಬರುವುದಿಲ್ಲ, ಹೆಬ್ಬೆಟ್ಟು ಒತ್ತಿಸಿದರೂ ಏತಕ್ಕೆಂದು ತಿಳಿಯುವುದಿಲ್ಲ. 18 ತುಂಬಿದ ಮಗನ ಪರವಾಗಿ ಹೆತ್ತ ತಾಯಿಯೂ ತಾನಾಗಿಯೇ ವ್ಯವಹರಿಸುವಂತಿಲ್ಲವೆಂಬುದು ನಮ್ಮಲ್ಲಿ ಬಹಳ ಮಂದಿಗೆ ತಿಳಿಯುವುದು ಹೀಗೆ, ಕೌಂಟರಿನ ಮುಂದೆ ನಿಂತಾಗಲೇ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ ಮತ್ತು ಬಹುವೈಕಲ್ಯ ಇರುವವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ನೇತೃತ್ವದ ಸ್ಥಳೀಯ ಮಟ್ಟದ ಸಮಿತಿಯು ಪೋಷಕರನ್ನು ನೇಮಿಸುತ್ತದೆ, ನ್ಯಾಯಾಲಯಕ್ಕೆ ಹೋಗಬೇಕಾಗಿಲ್ಲ. ಅಮ್ಮನಿಗೆ ಎಪ್ಪತ್ತು ದಾಟಿದ್ದುದರಿಂದ ಆಕೆಯ ಒಪ್ಪಿಗೆಪತ್ರದೊಡನೆ ನನ್ನ ಹೆಸರಿನಲ್ಲಿಯೇ ಅರ್ಜಿ ಹಾಕಿದೆವು. ಸಮಿತಿಯ ಸಭೆ ಎರಡು ಸಲ ಮುಂದೂಡಲ್ಪಟ್ಟಿತು. ಸಭೆಯಲ್ಲಿ ನನ್ನನ್ನು ಕೇಳಿದ್ದು ಮುಖ್ಯವಾಗಿ ಆಸ್ತಿಯ ಬಗ್ಗೆ: ಅವನ ಪಾಲಿನ ಜಮೀನಿನ ಮೇಲೆ ನನಗೆ ಕಣ್ಣಿದೆಯೋ ಎಂಬುದೇ ಅವರ ಸಂಶಯ, ಆ ಸಂಶಯ ನ್ಯಾಯವಾದದ್ದೇ.

ಸಮಿತಿ ಕೊಟ್ಟ ಪೋಷಕತ್ವದ ಪ್ರಮಾಣಪತ್ರ ಹಿಡಿದು ಹೋದರೂ ಬ್ಯಾಂಕಿನವರು ನ್ಯಾಯಾಲಯದ ಆದೇಶ ತರಲು ಹೇಳಿದರು. ಈ ಸಮಿತಿಯ ಪ್ರಮಾಣಪತ್ರವನ್ನು ಖಾತೆ ತೆರೆಯಲು, ನಡೆಸಲು ಒಪ್ಪಿಕೊಳ್ಳಬಹುದೆಂದು ರಿಸರ್ವ್ ಬ್ಯಾಂಕ್ 2007ರಲ್ಲಿಯೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿದೆ. ಅದರ ಪ್ರತಿಯನ್ನು ಮುದ್ರಿಸಿಕೊಂಡು ಮರುದಿನ ಮತ್ತೆ ಹೋಗಿ, ವ್ಯವಸ್ಥಾಪಕರು ಓದಿ ಮುಗಿಸುವವರೆಗೆ ಎದುರಿಗೇ ಕುಳಿತೆ. ಖಾತೆ ಅದೇ ವಾರ ನನ್ನ ನಿರ್ವಹಣೆಗೆ ಬಂತು.

ನೇಮಕವಾದ ಆರು ತಿಂಗಳೊಳಗೆ ಅವನ ಆಸ್ತಿಯ ಪಟ್ಟಿಯನ್ನೂ, ಪ್ರತಿ ಆರ್ಥಿಕ ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕಪತ್ರವನ್ನೂ ಸಮಿತಿಗೆ ಸಲ್ಲಿಸಬೇಕು. ಏಪ್ರಿಲ್ ಬಂತೆಂದರೆ ರಸೀದಿಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂರುತ್ತೇನೆ. ತಮ್ಮ ಪಕ್ಕದಲ್ಲಿ ಕುಳಿತು ಒಂದೊಂದನ್ನೇ ಎತ್ತಿಕೊಡುತ್ತಾನೆ, ಅಮ್ಮ ಅದನ್ನೂ “ಅವನೇ ಮಾಡ್ತಾನೆ” ಎನ್ನುತ್ತಾಳೆ.