ಕ್ಯಾಂಪಿಂಗ್ ಟ್ರೇಲರಿಗೆ ಸಾದಾ ಪಾಟಾ: ನನ್ನ ಅನುಭವ

ಪಾಟಾ ಅಂದರೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ ಮಾಡಿದ ಲೀಫ್ ಸ್ಪ್ರಿಂಗ್. "ಪಾಟಾ ಹಾಕಿದ್ರ ಚಕ್ಕಡಿ ಆಕ್ಕೈತಿ ನೋಡೋ ತಮ್ಮಾ" ಅಂತ ಬೆಳಗಾವಿಯ ಕಾರ್ಖಾನೆಗಳ ಪ್ರದೇಶ ಉದ್ಯಮಬಾಗದಲ್ಲಿ ಹೇಳಿದವರೇ ಈಗ ಬಂದು ಟ್ರೇಲರಿನ ಕೆಳಗೆ ಬಗ್ಗಿ ನೋಡಿ ಹೋಗುತ್ತಿದ್ದಾರೆ. ಮೊನ್ನೆ ಜಾಂಬೋಟಿ ದಾಟಿ ಕಣಕುಂಬಿ ಕಡೆಯ ಕಲ್ಲುದಾರಿ ಸುತ್ತಿಸಿ ತಂದೆ. ಒಳಗಿದ್ದ 30 ತತ್ತಿಯಲ್ಲಿ ಒಂದೂ ಒಡೆದಿರಲಿಲ್ಲ.

ಮೊದಲು ದುಡ್ಡು ಕಳೆದದ್ದು ರಬ್ಬರ್ ಟಾರ್ಷನ್ ಆಕ್ಸಲ್ (ಸ್ಪ್ರಿಂಗ್ ಬದಲು ಒಳಗಿನ ರಬ್ಬರೇ ಗಾಲಿಯ ತೋಳಿನ ಕುಲುಕು ತಡೆಯುವಂಥದ್ದು) ಮೇಲೆ, ಸಾಗಾಟ ಸೇರಿ 60 ಸಾವಿರದ ಆಸುಪಾಸು. ಡಾಂಬರಿನ ಮೇಲೆ ಬೆಣ್ಣೆಯ ಹಾಗೆ ಓಡಿತು. ಕಾಡುದಾರಿಯಲ್ಲಿ ಕಲ್ಲಿಗೆ ಬಡಿದು ಒಂದು ತೋಳು ಬಾಗಿತು, ಕಥೆ ಮುಗಿಯಿತು. ಬಿಚ್ಚಿ ರಿಪೇರಿ ಮಾಡುವ ಸಾಮಾನಲ್ಲ ಅದು. ಖಾನಾಪುರದ ಗ್ಯಾರೇಜಿನಲ್ಲಿ ಸಿಗುವುದು ಪಾಟಾ, ಯು-ಬೋಲ್ಟ್, ಬುಷ್. ಅಲ್ಲೇ ನಿಂತು ತೀರ್ಮಾನ ಮಾಡಿದೆ.

ಗುಜರಿಯಲ್ಲಿ ಗೂಡ್ಸ್ ಗಾಡಿಯ ಸೆಟ್ಟು ಸಿಕ್ಕಿತು, ಬದಿಗೆ 8 ಪಾಟಾ. ನನ್ನ ಟ್ರೇಲರ್ ನೀರು, ಸಾಮಾನು ಸೇರಿ 700 ಕೆಜಿ ಇದ್ದೀತು. ಅಷ್ಟು ಭಾರಕ್ಕೆ ಆ ಸೆಟ್ಟು ಬಗ್ಗಲೇ ಇಲ್ಲ. ಕುಳಿ ಬಂದಲ್ಲೆಲ್ಲ ಜಿಗಿದು ತತ್ತಿಯೆಲ್ಲ ಹಾಸಿಗೆ ಮೇಲೆ. ಒಂದೊಂದೇ ತೆಗೆಯುತ್ತ ಬಂದೆ. 4ಕ್ಕೆ ಇಳಿಸಿದಾಗ ಪಾಟಾ ಉಲ್ಟಾ ಬಾಗಿ ಚಾಸಿಗೆ ಬಡಿಯಿತು, 5ಕ್ಕೆ ಸರಿಯಾಗಿ ಕೂತಿತು. ಯಾವ ಮೂರು ತೆಗೆದೆ ಅನ್ನುವುದು ಸದ್ಯ ನನ್ನ ಹತ್ತಿರವೇ ಇರಲಿ. ಪಾಟಾ ಕಡಿಮೆಯಾದಷ್ಟೂ ಅವುಗಳ ನಡುವಿನ ತಿಕ್ಕಾಟ ಕಡಿಮೆ, ಹಾಗಾಗಿ ಶಾಕ್ ಅಬ್ಸಾರ್ಬರ್ ಬೇಕೇ ಬೇಕು. ಸೆಟ್ಟನ್ನು ಆಕ್ಸಲ್ ಮೇಲೆ ಕೂರಿಸಿದ್ದಕ್ಕೆ 4 ಇಂಚು ಎತ್ತರವೂ ಸಿಕ್ಕಿತು.

ವೆಲ್ಡಿಂಗಿನವನೊಬ್ಬ ಅವಸರದಲ್ಲಿ ಎಲ್ಲಕ್ಕಿಂತ ಉದ್ದದ ಮೇನ್ ಪಾಟಾಕ್ಕೇ ವೆಲ್ಡಿಂಗ್ ಕಡ್ಡಿ ತಾಗಿಸಿದ. ಸಾಸಿವೆಯಷ್ಟು ಕಲೆ. ಹದಿನೈದು ದಿನಕ್ಕೆ ಸರಿಯಾಗಿ ಅದೇ ಜಾಗದಲ್ಲಿ ಪಟಕ್ಕಂತ ಮುರಿಯಿತು. ಆ ತುಂಡನ್ನು ಇವತ್ತಿಗೂ ಇಟ್ಟುಕೊಂಡಿದ್ದೇನೆ.

ಗಾಲಿ ಕೂರುವ ಹಬ್ ಟ್ರೇಲರ್ ಎಳೆಯುವ ನನ್ನ ಜೀಪಿನದ್ದೇ, ಸ್ಟೆಪ್ನಿ ಎರಡಕ್ಕೂ ಆಗುತ್ತದೆ. ಗಾಲಿ ಅಗಲವೂ ಜೀಪಿನಷ್ಟೇ ಇಟ್ಟೆ, ಅದರ ಜಾಡಿನಲ್ಲೇ ಬರುತ್ತದೆ.

ನಡುವೆ ಇನ್ನೊಂದು ಪರೀಕ್ಷೆ. ನೀರು ಒಳಗೆ ಹೋಗದಂತೆ ತಡೆಯಲು ಎಡ ಹಬ್ಬಿಗೆ ಸಾದಾ ಸೀಲ್, ಬಲಕ್ಕೆ ಎರಡು ಅಂಚಿನ ಡಬಲ್ ಲಿಪ್ ಸೀಲ್ ಹಾಕಿ ಹಳ್ಳ ದಾಟಿಸಿದೆ. ಬಿಸಿ ಹಬ್ ತಣ್ಣೀರಿಗೆ ಇಳಿದರೆ ಒಳಕ್ಕೆ ನೀರು ಎಳೆಯುತ್ತದೆ. ಎಡದ ಗ್ರೀಸ್ ಮಜ್ಜಿಗೆಯಂತೆ ಬೆಳ್ಳಗಾಗಿತ್ತು, ಬಲದ್ದು ಹಾಗೇ ಇತ್ತು. ಈಗ ಹಳ್ಳ ಬಂದರೆ ಮೊದಲು ಹಬ್ ಮುಟ್ಟಿ ನೋಡಿ, ಆರಿದ ಮೇಲೆಯೇ ಇಳಿಸುತ್ತೇನೆ.

ಮಜೂರಿ ಸೇರಿ 25 ಸಾವಿರದೊಳಗೆ ಮುಗಿದಿದೆ. ಬ್ರೇಕ್ ಮಾತ್ರ ಬಾಕಿ. ಚೋರ್ಲಾ ಘಾಟ್ ಇಳಿಯುವಾಗ ಟ್ರೇಲರ್ ಹಿಂದಿನಿಂದ ಜೀಪನ್ನು ನೂಕುತ್ತದೆ, ಈ ವಾರ ಅದಕ್ಕೇ ಕೈ ಹಾಕಿದ್ದೇನೆ.